ಉರಿಯ ಚಿತ್ರದಿಂದ ಕಾವು ಅಳೆಯಬಹುದೇ?

ಕುಲುಮೆಯಲ್ಲಿ ಕಾದ ಕಬ್ಬಿಣವನ್ನು ಯಾವ ಗಳಿಗೆಯಲ್ಲಿ ಹೊರಗೆಳೆದು ಬಡಿಯಬೇಕು ಎಂಬುದನ್ನು ಕಮ್ಮಾರ ಬಣ್ಣ ನೋಡಿಯೇ ತೀರ್ಮಾನಿಸುತ್ತಾನೆ. ಮಂಕು ಕೆಂಪಿನಿಂದ ಕೆಂಡದ ಕೆಂಪಿಗೆ, ಅಲ್ಲಿಂದ ಕಿತ್ತಳೆಗೆ, ಕೊನೆಗೆ ಬಿಳಿಚಿದ ಹಳದಿಗೆ ಏರುವ ಆ ಬಣ್ಣಗಳಲ್ಲಿ ಒಂದೊಂದಕ್ಕೂ ಒಂದು ತಾಪಮಾನವಿದೆ. ಅಡುಗೆಮನೆಯಲ್ಲೂ ನಾವು ಉರಿಯನ್ನು ಬಣ್ಣದಿಂದಲೇ ಅಳೆಯುತ್ತೇವೆ. ಗ್ಯಾಸ್ ಒಲೆಯ ಉರಿ ನೀಲಿಯಾಗಿದ್ದರೆ ಸರಿ, ಹಳದಿಗೆ ತಿರುಗಿದರೆ ಬರ್ನರ್ ತೊಳೆಯಬೇಕು. ಮೇಲುನೋಟಕ್ಕೆ ಎರಡೂ ಒಂದೇ ಬಗೆಯ ತಿಳಿವಳಿಕೆ. ಆದರೆ ಕಾದ ಕಬ್ಬಿಣದ ಬಣ್ಣ ಹುಟ್ಟುವ ರೀತಿಯೇ ಬೇರೆ, ಗ್ಯಾಸ್ ಉರಿಯ ನೀಲಿ ಹುಟ್ಟುವ ರೀತಿಯೇ ಬೇರೆ. ಮೊದಲನೆಯದು ಕಾವಿನ ಬಣ್ಣ, ಎರಡನೆಯದು ರಾಸಾಯನಿಕ ಕ್ರಿಯೆಯ ಬಣ್ಣ. ಡಿಜಿಟಲ್ ಕ್ಯಾಮೆರಾದಲ್ಲಿ ಜ್ವಾಲೆಯ ಚಿತ್ರ ತೆಗೆದು ಅದರ ತಾಪಮಾನ ಹೇಳಬಹುದೇ ಎಂಬ ಪ್ರಶ್ನೆಗೆ ಉತ್ತರ ಈ ವ್ಯತ್ಯಾಸದಲ್ಲೇ ಇದೆ. ಹೇಳಬಹುದು, ಹಲವರು ನಂಬುವುದಕ್ಕಿಂತ ನಿಖರವಾಗಿಯೇ ಹೇಳಬಹುದು ಎಂಬುದು ನನ್ನ ವಾದ. ಆದರೆ ಬೆಳಕು ಕಾದ ಘನವಸ್ತುವಿನಿಂದಲೇ ಬಂದಿದೆ ಎಂದು ಖಚಿತಪಡಿಸಿಕೊಂಡ ಮೇಲೆ ಮಾತ್ರ. ಆ ಖಾತ್ರಿಯಿಲ್ಲದೆ ಬಣ್ಣವನ್ನು ಡಿಗ್ರಿಗಳಿಗೆ ತಿರುಗಿಸಿದರೆ ಸಿಗುವುದು ಬರೀ ಸಂಖ್ಯೆ, ಅಳತೆಯಲ್ಲ.

ಕಾವಿನ ಬಣ್ಣದ ಕಥೆ ಹಳೆಯದು. ಇಂಗ್ಲೆಂಡಿನ ಕುಂಬಾರಿಕೆಯ ಮನೆತನದಲ್ಲಿ ಹುಟ್ಟಿದ ಥಾಮಸ್ ವೆಜ್‌ವುಡ್ 1792ರಲ್ಲಿ ಒಂದು ಸಂಗತಿಯನ್ನು ಗುರುತಿಸಿದ. ಬೇರೆ ಬೇರೆ ವಸ್ತುಗಳನ್ನು ಕಾಯಿಸಿದಾಗ ಅವೆಲ್ಲ ಹೆಚ್ಚುಕಡಿಮೆ ಒಂದೇ ತಾಪಮಾನದಲ್ಲಿ ಕೆಂಪಾಗಿ ಬೆಳಗತೊಡಗುತ್ತವೆ. 1847ರಲ್ಲಿ ಅಮೆರಿಕದ ಜಾನ್ ಡ್ರೇಪರ್ ಆ ತಾಪಮಾನಕ್ಕೆ ಅಂಕಿ ಕೊಟ್ಟ. ಸುಮಾರು 525 ಡಿಗ್ರಿ ಸೆಲ್ಸಿಯಸ್. ವಸ್ತು ಯಾವುದೆಂಬುದು ಮುಖ್ಯವಲ್ಲ, ಎಷ್ಟು ಕಾದಿದೆ ಎಂಬುದೇ ಮುಖ್ಯ ಎಂಬ ಈ ಸೋಜಿಗಕ್ಕೆ ಕಿರ್ಚಾಫ್ ನಿಯಮದ ರೂಪ ಕೊಟ್ಟ, 1900ರಲ್ಲಿ ಮ್ಯಾಕ್ಸ್ ಪ್ಲಾಂಕ್ ಅದರ ಪೂರ್ಣ ಗಣಿತವನ್ನು ಬರೆದ. ಪ್ಲಾಂಕ್ ಸೂತ್ರದ ಪ್ರಕಾರ ವಸ್ತು ಕಾದಷ್ಟೂ ಅದರ ಬೆಳಕು ಹೆಚ್ಚುತ್ತದೆ, ಜೊತೆಗೆ ಆ ಬೆಳಕಿನಲ್ಲಿ ಕೆಂಪಿನ ಪಾಲು ತಗ್ಗಿ ಹಸಿರು ಮತ್ತು ನೀಲಿಯ ಪಾಲು ಏರುತ್ತದೆ. 1200 ಡಿಗ್ರಿಯಲ್ಲಿರುವ ಆದರ್ಶ ಕಪ್ಪು ವಸ್ತುವಿನಿಂದ, ಅಂದರೆ ಬಿದ್ದ ಬೆಳಕನ್ನೆಲ್ಲ ಹೀರುವ ವಸ್ತುವಿನಿಂದ, 600 ನ್ಯಾನೊಮೀಟರ್ ತರಂಗದೂರದ ಕೆಂಪು ಬೆಳಕು 450 ನ್ಯಾನೊಮೀಟರಿನ ನೀಲಿ ಬೆಳಕಿಗಿಂತ ಸುಮಾರು 54 ಪಟ್ಟು ಹೆಚ್ಚಾಗಿ ಹೊಮ್ಮುತ್ತದೆ. ಅದೇ ವಸ್ತು 1700 ಡಿಗ್ರಿಗೆ ಕಾದರೆ ಈ ಅನುಪಾತ ಸುಮಾರು 14ಕ್ಕೆ ಇಳಿಯುತ್ತದೆ. ತಾಪಮಾನ ಇಷ್ಟು ಬದಲಾದಾಗ ಅನುಪಾತ ನಾಲ್ಕು ಪಟ್ಟು ಬದಲಾಗುತ್ತದೆ ಎಂದರೆ ಅಳೆಯುವವನಿಗೆ ಬೇಕಾದಷ್ಟು ಹಿಡಿ ಸಿಕ್ಕಂತೆ.

ಉರಿಯಲ್ಲಿ ಘನವಸ್ತು ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಮೇಣದಬತ್ತಿ, ಎಣ್ಣೆದೀಪ, ಸೌದೆ ಒಲೆ ಇವುಗಳ ಹಳದಿ ಬೆಳಕು ಬಹುಮಟ್ಟಿಗೆ ಮಸಿಯದು. ಮೈಕೆಲ್ ಫ್ಯಾರಡೆ 1860-61ರ ಕ್ರಿಸ್‌ಮಸ್ ಉಪನ್ಯಾಸಗಳಲ್ಲಿ ಮೇಣದಬತ್ತಿಯ ಬೆಳಗುವ ಭಾಗಕ್ಕೆ ಗಾಜಿನ ಕೊಳವೆ ಹಿಡಿದು ಕಪ್ಪು ಹೊಗೆಯನ್ನು ಹೊರಗೆಳೆದು ಮಕ್ಕಳಿಗೆ ತೋರಿಸಿದ್ದು ಇದನ್ನೇ. ಮೇಣದ ಆವಿ ಗಾಳಿ ಸಾಲದ ಕಡೆ ಒಡೆದು ಇಂಗಾಲದ ಅತಿಸೂಕ್ಷ್ಮ ಕಣಗಳಾಗುತ್ತದೆ. ಒಂದೊಂದು ಕಣವೂ ಕೆಲವು ಹತ್ತು ನ್ಯಾನೊಮೀಟರಿನಷ್ಟು. ಆ ಕಣಗಳು ಕುಲುಮೆಯ ಕಬ್ಬಿಣದ ಹಾಗೆಯೇ ಕಾದು ಬೆಳಗುತ್ತವೆ, ಉರಿಯ ಅಂಚಿಗೆ ಬಂದು ಆಮ್ಲಜನಕ ಸಿಕ್ಕಾಗ ಸುಟ್ಟುಹೋಗುತ್ತವೆ. ಅವು ಎಷ್ಟು ಸಣ್ಣವೆಂದರೆ ಸುತ್ತಲಿನ ಅನಿಲದ ತಾಪಮಾನವೇ ಬಹುಮಟ್ಟಿಗೆ ಅವುಗಳ ತಾಪಮಾನವೂ ಹೌದು. ಹೀಗಾಗಿ ಮಸಿಯ ಬಣ್ಣ ಓದಿದರೆ ಅನಿಲದ ಕಾವು ಓದಿದಂತೆಯೇ. ಪ್ರಕೃತಿಯೇ ಉರಿಯೊಳಗೆ ಕೋಟ್ಯಂತರ ಪುಟ್ಟ ಥರ್ಮಾಮೀಟರುಗಳನ್ನು ತೇಲಿಬಿಟ್ಟಿದೆ.

ಗ್ಯಾಸ್ ಒಲೆಯ ನೀಲಿ ಬೇರೆ ಜಾತಿಯದು. ಅಲ್ಲಿ ಇಂಧನಕ್ಕೆ ಗಾಳಿ ಮೊದಲೇ ಬೆರೆತಿರುವುದರಿಂದ ಮಸಿ ಹುಟ್ಟುವುದೇ ಇಲ್ಲ. ಉರಿಯುವ ತೆಳು ಪದರದಲ್ಲಿ ಕ್ಷಣಮಾತ್ರ ಬದುಕುವ ಅಣುತುಣುಕುಗಳು ಹುಟ್ಟುತ್ತವೆ. ಒಂದು ಇಂಗಾಲ ಮತ್ತು ಒಂದು ಜಲಜನಕ ಸೇರಿದ ತುಣುಕು 431 ನ್ಯಾನೊಮೀಟರಿನ ಆಸುಪಾಸಿನಲ್ಲಿ ನೇರಳೆಛಾಯೆಯ ನೀಲಿ ಬೆಳಕು ಚೆಲ್ಲುತ್ತದೆ. ಎರಡು ಇಂಗಾಲಗಳ ತುಣುಕು 516ರ ಸುತ್ತ ಹಸಿರು ಪಟ್ಟೆಗಳನ್ನು ಕೊಡುತ್ತದೆ, ಇವನ್ನು ಸ್ಕಾಟ್ಲೆಂಡಿನ ವಿಲಿಯಂ ಸ್ವಾನ್ 1850ರ ದಶಕದಲ್ಲೇ ವಿವರಿಸಿದ್ದ. ಈ ಬೆಳಕು ಪ್ಲಾಂಕ್ ಸೂತ್ರವನ್ನು ಅನುಸರಿಸುವುದಿಲ್ಲ, ಯಾವ ಅಣು ಯಾವ ಶಕ್ತಿಮಟ್ಟದಿಂದ ಇಳಿಯಿತು ಎಂಬುದಷ್ಟೇ ಅದರ ಬಣ್ಣವನ್ನು ನಿರ್ಧರಿಸುತ್ತದೆ. ಕಾವಿನಿಂದಲೇ ಒಂದು ವಸ್ತು ನೀಲಿಯಾಗಿ ಕಾಣಬೇಕಾದರೆ ಅದು ಹತ್ತು ಸಾವಿರ ಡಿಗ್ರಿಗಿಂತಲೂ ಬಿಸಿಯಾಗಿರಬೇಕು. ಗಾಳಿಯಲ್ಲಿ ಉರಿಯುವ ಅಡುಗೆ ಅನಿಲ, ಹೊರಗೆ ಚೂರೂ ಶಾಖ ಕಳೆಯದಿದ್ದರೂ, 2000 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಆದ್ದರಿಂದ ‘ನೀಲಿ ಉರಿ ಹಳದಿಗಿಂತ ಬಿಸಿ’ ಎಂಬ ನಮ್ಮ ಶಾಲಾಪಾಠದ ಮಾತು ಗ್ಯಾಸ್ ಒಲೆಗೂ ಮೇಣದಬತ್ತಿಗೂ ಹೋಲಿಸುವಾಗ ನಿಜವಾದರೂ ಅದರ ಕಾರಣ ಬಣ್ಣದಲ್ಲಿಲ್ಲ. ಚೆನ್ನಾಗಿ ಬೆರೆತ ಗಾಳಿ ಕಾವನ್ನೂ ಹೆಚ್ಚಿಸುತ್ತದೆ, ಮಸಿಯನ್ನೂ ತಡೆಯುತ್ತದೆ, ಅಷ್ಟೆ. ಈ ನಿಯಮ ಮುರಿಯುವ ಉದಾಹರಣೆಗಳೂ ಇವೆ. ವಿಲಿಯಂ ಪರ್ಕಿನ್ 1882ರಲ್ಲಿ ವರ್ಣಿಸಿದ ‘ತಣ್ಣನೆಯ ಜ್ವಾಲೆ’ಗಳು ಮಸುಕು ನೀಲಿಯಾಗಿ ಬೆಳಗುತ್ತವೆ, ಅವುಗಳ ಕಾವು 400 ಡಿಗ್ರಿಯ ಸುತ್ತ. ಕಬ್ಬಿಣ ಕೆಂಪಾಗಲೂ ಆ ಕಾವು ಸಾಲದು. ಇನ್ನೊಂದು ತುದಿಯಲ್ಲಿ ಶುದ್ಧ ಜಲಜನಕದ ಉರಿ 2000 ಡಿಗ್ರಿ ದಾಟಿದರೂ ಹಗಲಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಪಾತ್ರೆಯಿಂದ ಉಕ್ಕಿದ ಉಪ್ಪುನೀರು ಬರ್ನರಿಗೆ ಬಿದ್ದಾಗ ಏಳುವ ಹಳದಿ ಸೋಡಿಯಂನ 589 ನ್ಯಾನೊಮೀಟರಿನ ಬೆಳಕು. ಅದಕ್ಕೂ ಮಸಿಗೂ ಸಂಬಂಧವಿಲ್ಲ, ಅದು ಉರಿ ತಣ್ಣಗಾದ ಗುರುತೂ ಅಲ್ಲ.

ಹಾಗಾದರೆ ಮಸಿಯ ಉರಿಯಲ್ಲಿ ಕಾವನ್ನು ಅಳೆಯುವುದು ಹೇಗೆ? ಬರೀ ಪ್ರಖರತೆ ನೋಡಿದರೆ ಸಾಲದೇ ಎಂಬುದು ಸಹಜವಾದ ಮೊದಲ ಯೋಚನೆ. 1200ರಿಂದ 1700 ಡಿಗ್ರಿಗೆ ಏರಿದಾಗ 600 ನ್ಯಾನೊಮೀಟರಿನ ಬೆಳಕು ಸುಮಾರು 60 ಪಟ್ಟು ಹೆಚ್ಚುವುದರಿಂದ ಪ್ರಖರತೆಯೂ ಸೂಕ್ಷ್ಮ ಮಾಪಕವೇ. ತೊಡಕಿರುವುದು ಬೇರೆ ಕಡೆ. ಉರಿ ಪ್ರಖರವಾಗಿ ಕಾಣುವುದು ಮಸಿ ಹೆಚ್ಚು ಬಿಸಿಯಾಗಿದ್ದಕ್ಕೋ ಅಥವಾ ಮಸಿಯೇ ಹೆಚ್ಚಾಗಿದ್ದಕ್ಕೋ ಎಂದು ಒಂದೇ ಅಂಕಿ ಹೇಳಲಾರದು. ಈ ಗಂಟನ್ನು ಬಿಡಿಸಿದವರು ಹಾಯ್ಟ್ ಹಾಟೆಲ್ ಮತ್ತು ಬ್ರಾಟನ್. 1932ರಲ್ಲಿ ಅವರು ಎರಡು ಬಣ್ಣಗಳ ವಿಧಾನವನ್ನು ಮುಂದಿಟ್ಟರು. ಒಂದೇ ಜಾಗದ ಬೆಳಕನ್ನು ಎರಡು ತರಂಗದೂರಗಳಲ್ಲಿ ಅಳೆದು ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಮಸಿಯ ಪ್ರಮಾಣ ಮೇಲೂ ಕೆಳಗೂ ಇರುವುದರಿಂದ ಬಿದ್ದುಹೋಗುತ್ತದೆ, ಬಹುಮಟ್ಟಿಗೆ ತಾಪಮಾನ ಮಾತ್ರ ಉಳಿಯುತ್ತದೆ. ಪೂರ್ತಿಯಾಗಿ ಏಕೆ ಅಲ್ಲವೆಂದರೆ ಮಸಿ ಆದರ್ಶ ಕಪ್ಪು ವಸ್ತುವಲ್ಲ, ಅದು ಗಿಡ್ಡ ತರಂಗದೂರಗಳಲ್ಲಿ ಹೆಚ್ಚು ಚೆನ್ನಾಗಿ ಬೆಳಗುತ್ತದೆ. ಹಾಟೆಲ್ ಮತ್ತು ಬ್ರಾಟನ್ ದೃಗ್ಗೋಚರ ಬೆಳಕಿನಲ್ಲಿ ಇದಕ್ಕೆ ತರಂಗದೂರದ 1.39ನೇ ಘಾತದ ವಿಲೋಮ ಎಂಬ ನಿಯಮ ಕೊಟ್ಟರು. ಇದು ಅಲಕ್ಷಿಸಬಹುದಾದ ಚಿಕ್ಕ ತಿದ್ದುಪಡಿಯಲ್ಲ. 600 ಮತ್ತು 530 ನ್ಯಾನೊಮೀಟರುಗಳನ್ನು ಹಿಡಿದು ಲೆಕ್ಕ ಹಾಕಿದರೆ, 1500 ಡಿಗ್ರಿಯಲ್ಲಿರುವ ಮಸಿಯನ್ನು ಕಪ್ಪು ವಸ್ತುವೆಂದು ಬಗೆದವನಿಗೆ ಸುಮಾರು 190 ಡಿಗ್ರಿ ಹೆಚ್ಚಿನ ಉತ್ತರ ಬರುತ್ತದೆ. ಚಿತ್ರದ ಬಣ್ಣವನ್ನು ಕಪ್ಪು ವಸ್ತುವಿನ ಬಣ್ಣದ ಪಟ್ಟಿಯೊಡನೆ ನೇರವಾಗಿ ಹೋಲಿಸಿ ತಾಪಮಾನ ಬರೆಯುವವರೆಲ್ಲ ಈ ದೋಷವನ್ನು ಹೊತ್ತಿರುತ್ತಾರೆ.

ಎರಡು ಬಣ್ಣಗಳನ್ನು ಒಟ್ಟಿಗೆ ಅಳೆಯುವ ಯಂತ್ರಕ್ಕೆ ಹಿಂದೆ ಬಹಳ ಹಣ ಬೇಕಿತ್ತು, ಅದೂ ಒಂದು ಸಲಕ್ಕೆ ಒಂದೇ ಬಿಂದುವನ್ನು ನೋಡುತ್ತಿತ್ತು. ಇಂದು ಅಂಥ ಯಂತ್ರ ಎಲ್ಲರ ಕೈಯಲ್ಲೂ ಇದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್‌ಗೆ 1976ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸದಂತೆ ಕ್ಯಾಮೆರಾದ ಸಂವೇದಕದ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳನ್ನು ಚದುರಂಗದ ಹಾಸಿನಂತೆ ಹರಡಿರುತ್ತಾರೆ. ನಾಲ್ಕು ಮನೆಗಳಲ್ಲಿ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಅಂದರೆ ಒಂದೇ ಕ್ಲಿಕ್ಕಿನಲ್ಲಿ ಲಕ್ಷಾಂತರ ಬಿಂದುಗಳಲ್ಲಿ ಮೂರು ಬಣ್ಣಗಳ ಅಳತೆ ಸಿಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮಾರ್ಷಲ್ ಲಾಂಗ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಅಂಗಡಿಯಲ್ಲಿ ಸಿಗುವ ಡಿಜಿಟಲ್ ಕ್ಯಾಮೆರಾದಿಂದಲೇ ಮಸಿಯ ತಾಪಮಾನದ ನಕ್ಷೆ ತೆಗೆದು ತೋರಿಸಿದರು. ಮರುವರ್ಷ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆದ ‘ಸ್ಲೈಸ್’ ಪ್ರಯೋಗದಲ್ಲಿ ಇದೇ ಬಗೆಯ ಕ್ಯಾಮೆರಾ ತೂಕವಿಲ್ಲದ ಸ್ಥಿತಿಯ ಜ್ವಾಲೆಗಳನ್ನು ಚಿತ್ರಿಸಿತು. ಸ್ಥಳ, ತೂಕ, ವಿದ್ಯುತ್ತು ಎಲ್ಲವೂ ತುಟ್ಟಿಯಾಗಿರುವ ಜಾಗದಲ್ಲಿ ವಿಜ್ಞಾನಿಗಳು ಕ್ಯಾಮೆರಾವನ್ನು ನಂಬಿದ್ದಾರೆ ಎಂಬುದು ಸಣ್ಣ ಸಾಕ್ಷಿಯಲ್ಲ.

ಇದಕ್ಕೆ ಬರುವ ಗಟ್ಟಿಯಾದ ಆಕ್ಷೇಪವೆಂದರೆ ಕ್ಯಾಮೆರಾ ಹುಟ್ಟಿದ್ದೇ ಕಣ್ಣಿಗೆ ಹಿತವಾಗಿ ಕಾಣಿಸಲು, ಅಳೆಯಲು ಅಲ್ಲ ಎಂಬುದು. ಆಕ್ಷೇಪ ಸರಿಯಾಗಿಯೇ ಇದೆ, ಅದನ್ನು ಪೂರ್ತಿ ಒಪ್ಪಿಕೊಂಡೇ ಮುಂದುವರಿಯಬೇಕು. ಮೊಬೈಲಿನ ಕ್ಯಾಮೆರಾ ದೀಪದ ಬೆಳಕಿನ ಚಿತ್ರ ತೆಗೆದಾಗ ಬಿಳಿ ಬಟ್ಟೆ ಬಿಳಿಯಾಗಿಯೇ ಕಾಣಲೆಂದು ನೀಲಿಯನ್ನು ತಾನಾಗಿ ಏರಿಸುತ್ತದೆ, ನಮಗೆ ಬೇಕಾದ ಅನುಪಾತ ಅಲ್ಲಿಯೇ ಕೆಟ್ಟಿತು. ಜೆಪೆಗ್ ಚಿತ್ರದಲ್ಲಿ ಬೆಳಕು ಇಮ್ಮಡಿಯಾದರೆ ಅಂಕಿ ಇಮ್ಮಡಿಯಾಗುವುದಿಲ್ಲ, ಮಂದ ಭಾಗಗಳನ್ನು ಎತ್ತಿ ಪ್ರಖರ ಭಾಗಗಳನ್ನು ಅದುಮಿ ಪ್ರತಿ ಬಣ್ಣವನ್ನು 256 ಮಟ್ಟಗಳಿಗೆ ಇಳಿಸಿರುತ್ತಾರೆ. ಇವೆರಡಕ್ಕಿಂತ ಮೋಸದ ದೋಷ ಇನ್ನೊಂದಿದೆ. ಉರಿಯ ಬೆಳಕಿನಲ್ಲಿ ಕೆಂಪೇ ಹೆಚ್ಚಾದ್ದರಿಂದ ಕೆಂಪು ಮನೆಗಳು ಮೊದಲು ತುಂಬಿ ತುಳುಕುತ್ತವೆ. ಆಮೇಲೆ ಬಂದ ಕೆಂಪು ಬೆಳಕು ಲೆಕ್ಕಕ್ಕೆ ಬರುವುದಿಲ್ಲ, ಹಸಿರು ಮಾತ್ರ ಏರುತ್ತಲೇ ಹೋಗುತ್ತದೆ. ಕೆಂಪು-ಹಸಿರು ಅನುಪಾತ ಕುಸಿದು ಉರಿಯ ನಡುಭಾಗ ಇರುವುದಕ್ಕಿಂತ ನೂರಾರು ಡಿಗ್ರಿ ಹೆಚ್ಚು ಬಿಸಿಯಾಗಿ ತೋರುತ್ತದೆ. ದೀಪದ ಫೋಟೊಗಳಲ್ಲಿ ಜ್ವಾಲೆಯ ನಡು ಬಿಳಿಯಾಗಿ ಕಾಣುವುದು ಬಹುತೇಕ ಇದರಿಂದಲೇ. ಇದರ ಜೊತೆಗೆ 1500 ಡಿಗ್ರಿಯ ಮಸಿ ತನ್ನ ಬೆಳಕಿನ ಬಹುಪಾಲನ್ನು ಕಣ್ಣಿಗೆ ಕಾಣದ ಅತಿಗೆಂಪಿನಲ್ಲಿ ಚೆಲ್ಲುತ್ತದೆ, ಅದೇ ಕಾವಿನ ಕಪ್ಪು ವಸ್ತುವಿನ ಬೆಳಕಿನ ಶಿಖರ 1.6 ಮೈಕ್ರಾನಿನ ಹತ್ತಿರ. ಸಿಲಿಕಾನ್ ಸಂವೇದಕಕ್ಕೆ ಸುಮಾರು 1.1 ಮೈಕ್ರಾನಿನವರೆಗೂ ಕಣ್ಣಿದೆ, ಮುಂದಿರುವ ಶೋಧಕ ಸ್ವಲ್ಪ ಸೋರಿದರೂ ಅನುಪಾತ ಹದಗೆಡುತ್ತದೆ.

ಇಷ್ಟೆಲ್ಲ ದೋಷಗಳಿದ್ದರೂ ನಾನು ಕ್ಯಾಮೆರಾದ ಪರ ನಿಲ್ಲುವುದೇಕೆಂದರೆ ಇವು ಒಂದೊಂದೂ ತಿಳಿದಿರುವ ದೋಷಗಳು, ಒಂದೊಂದಕ್ಕೂ ಪರಿಹಾರವಿದೆ. ಸಂವೇದಕ ಕಂಡದ್ದನ್ನು ಹಾಗೆಯೇ ಬರೆದಿಡುವ ರಾ ಫೈಲನ್ನು ಬಳಸಿದರೆ ಬಿಳಿ ಸಮತೋಲನದ ಕಾಟವೂ ಅದುಮುವಿಕೆಯ ಕಾಟವೂ ಇರುವುದಿಲ್ಲ, 256ರ ಬದಲು 12 ಅಥವಾ 14 ಬಿಟ್‌ಗಳ ಮಟ್ಟಗಳು ಸಿಗುತ್ತವೆ. ಎಕ್ಸ್‌ಪೋಷರನ್ನು ಕೈಯಿಂದಲೇ ಹಿಡಿದು ಕೆಂಪು ತುಂಬದಂತೆ ನೋಡಿಕೊಳ್ಳಬಹುದು. ಶೋಧಕಗಳು ಅಗಲವಾಗಿವೆ, ಒಂದರ ಬೆಳಕು ಇನ್ನೊಂದಕ್ಕೆ ನುಸುಳುತ್ತದೆ ಎಂಬುದಕ್ಕೆ ಉತ್ತರ ಮಾಪನಾಂಕನ. ಗೊತ್ತಿರುವ ತಾಪಮಾನದ ಕುಲುಮೆಯ ರಂಧ್ರವನ್ನೋ ಪ್ರಮಾಣಿತ ಟಂಗ್‌ಸ್ಟನ್ ದೀಪವನ್ನೋ ಅದೇ ಕ್ಯಾಮೆರಾದಲ್ಲಿ, ಅದೇ ಲೆನ್ಸಿನಲ್ಲಿ ಚಿತ್ರಿಸಿ ಯಾವ ಅನುಪಾತಕ್ಕೆ ಯಾವ ತಾಪಮಾನ ಎಂಬ ಕೋಷ್ಟಕ ಕಟ್ಟಿದರೆ ಶೋಧಕದ ಅಂಕುಡೊಂಕುಗಳೆಲ್ಲ ಆ ಕೋಷ್ಟಕದೊಳಗೇ ಸೇರಿಹೋಗುತ್ತವೆ. ಆಮೇಲೆ ಮಸಿಯ 1.39ರ ತಿದ್ದುಪಡಿ. 1500 ಡಿಗ್ರಿಯ ಬಳಿ ಕೆಂಪು-ಹಸಿರು ಅನುಪಾತದಲ್ಲಿ ಶೇಕಡಾ 1ರ ತಪ್ಪು ಉತ್ತರದಲ್ಲಿ ಸುಮಾರು 10 ಡಿಗ್ರಿಯ ತಪ್ಪಾಗುತ್ತದೆ, ಶೇಕಡಾ 10ರ ತಪ್ಪು ಸುಮಾರು 100 ಡಿಗ್ರಿ. ಮಾಪನಾಂಕನ ಮಾಡಿದವನಿಗೂ ಮಾಡದವನಿಗೂ ಇರುವ ಅಂತರ ಇಷ್ಟು.

ಇನ್ನೊಂದು ತೊಡಕು ಜ್ಯಾಮಿತಿಯದು. ಕ್ಯಾಮೆರಾದ ಒಂದು ಬಿಂದುವಿಗೆ ಬರುವ ಬೆಳಕು ಉರಿಯ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗೆ ಇರುವ ಮಸಿಯದೆಲ್ಲ ಸೇರಿದ ಮೊತ್ತ. ಉರುಟಾದ, ನೆಟ್ಟಗೆ ನಿಂತ ಜ್ವಾಲೆಯಾದರೆ ಈ ಮೊತ್ತವನ್ನು ಪದರಪದರವಾಗಿ ಬಿಡಿಸುವ ಗಣಿತವನ್ನು ನಾರ್ವೆಯ ನೀಲ್ಸ್ ಆಬೆಲ್ 1820ರ ದಶಕದಲ್ಲೇ ಕೊಟ್ಟಿದ್ದಾನೆ. ಗಾಳಿಗೆ ಹೊಯ್ದಾಡುವ ಬೆಂಕಿಗೆ ಆ ಗಣಿತ ಒಗ್ಗುವುದಿಲ್ಲ. ಸಾಧಾರಣ ಜ್ವಾಲೆ ಸೆಕೆಂಡಿಗೆ ಹತ್ತು ಹನ್ನೆರಡು ಬಾರಿ ಮಿಡುಕುವುದರಿಂದ ಎಕ್ಸ್‌ಪೋಷರ್ ಉದ್ದವಾದರೆ ಹಲವು ಉರಿಗಳ ಸರಾಸರಿಯೇ ಚಿತ್ರವಾಗಿಬಿಡುತ್ತದೆ. ಅಂಥಲ್ಲಿ ಸಿಗುವ ಅಂಕಿಯನ್ನು ಮಸಿಯ ಸರಾಸರಿ ತಾಪಮಾನ ಎಂದು ಕರೆದರೆ ಸಾಕು, ಉರಿಯ ತಾಪಮಾನ ಎನ್ನಬೇಕಿಲ್ಲ.

ಇಷ್ಟು ಕಷ್ಟಪಡುವ ಬದಲು ತಾಪಮಾನ ಅಳೆಯುವ ಲೋಹದ ತಂತಿಜೋಡಿಯಾದ ಥರ್ಮೊಕಪಲ್ ಒಂದನ್ನು ಉರಿಗೆ ತೂರಿಸಿದರೆ ಮುಗಿಯಿತಲ್ಲ ಎನ್ನುವವರು ಪ್ರಯೋಗಶಾಲೆಗಳಲ್ಲಿ ಬೇಕಾದಷ್ಟು ಜನ. ತಂತಿ ನೇರವಾಗಿ ಉರಿಯನ್ನು ಮುಟ್ಟುವುದರಿಂದ ಅದರ ಮಾತೇ ಸತ್ಯ ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಥರ್ಮೊಕಪಲ್ ಹೇಳುವುದು ತನ್ನ ತುದಿಯ ತಾಪಮಾನವನ್ನು. ಆ ತುದಿ ಉರಿಯಿಂದ ಶಾಖ ಪಡೆಯುತ್ತಲೇ ತಾನೂ ಬೆಳಗಿ ಶಾಖ ಕಳೆಯುತ್ತದೆ, ದಪ್ಪ ತುದಿಯಲ್ಲಿ ಈ ಕೊರತೆ ನೂರು ಡಿಗ್ರಿಯನ್ನೂ ಮೀರಬಹುದು. ಮಸಿಯ ಉರಿಯಲ್ಲಾದರೆ ತುದಿಗೆ ಮಸಿ ಮೆತ್ತಿಕೊಂಡು ಅಳತೆ ನಿಮಿಷನಿಮಿಷಕ್ಕೂ ಬದಲಾಗುತ್ತದೆ. ಇಂಥ ತಂತಿಗೆ ಬಳಸುವ ಪ್ಲಾಟಿನಂ ಕರಗುವುದೇ 1768 ಡಿಗ್ರಿಯಲ್ಲಿ. ಇಷ್ಟರ ಮೇಲೆ ಅದು ಉರಿಯ ಹರಿವನ್ನು ಕೆಡಿಸಿ, ಒಂದೇ ಒಂದು ಬಿಂದುವಿನ ಸುದ್ದಿ ಕೊಡುತ್ತದೆ. ತಿದ್ದುಪಡಿ ಇಲ್ಲದ ಥರ್ಮೊಕಪಲ್ಲಿಗಿಂತ ತಿದ್ದುಪಡಿ ಮಾಡಿದ ಕ್ಯಾಮೆರಾ ಮೇಲು ಎಂದು ನಾನು ಅಳುಕಿಲ್ಲದೆ ಹೇಳುತ್ತೇನೆ. ಎರಡನ್ನೂ ಜೊತೆಗಿಟ್ಟುಕೊಳ್ಳುವುದು ಇನ್ನೂ ಮೇಲು. ಮಸಿಯಿಲ್ಲದ ನೀಲಿ ಉರಿಗೂ ದಾರಿಯಿದೆ. 15 ಮೈಕ್ರಾನಿನಷ್ಟು ತೆಳುವಾದ ಸಿಲಿಕಾನ್ ಕಾರ್ಬೈಡ್ ಎಳೆಯನ್ನು ಉರಿಗೆ ಅಡ್ಡಲಾಗಿ ಕಟ್ಟಿ, ಆ ಎಳೆಯ ಬೆಳಕನ್ನು ಅಳೆಯುವ ವಿಧಾನ 1980ರ ದಶಕದ ಕೊನೆಯಿಂದ ಬಳಕೆಯಲ್ಲಿದೆ, ಆ ಬೆಳಕನ್ನು ಈಗ ಕ್ಯಾಮೆರಾದಲ್ಲೂ ಹಿಡಿಯಬಹುದು. ಕಾದ ಘನವಸ್ತು ಇಲ್ಲದ ಕಡೆ ನಾವೇ ಒಂದನ್ನು ಒದಗಿಸಿದಂತಾಯಿತು.

ನೀಲಿ ಉರಿಯ ಬಣ್ಣಕ್ಕೆ ಅರ್ಥವೇ ಇಲ್ಲವೆಂದು ಇದರಿಂದ ತಿಳಿಯಬಾರದು. ಗಾಳಿ ಕಡಿಮೆಯಾಗಿ ಇಂಧನ ಹೆಚ್ಚಾದಾಗ ಎರಡು ಇಂಗಾಲಗಳ ತುಣುಕುಗಳು ಹೆಚ್ಚಿ ನೀಲಿ ಉರಿ ಹಸಿರಿನತ್ತ ವಾಲುತ್ತದೆ. ಕ್ಯಾಮೆರಾದ ನೀಲಿ-ಹಸಿರು ಅನುಪಾತದಿಂದ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಅಂದಾಜು ಮಾಡಬಹುದು. ಬರ್ನರ್ ಸರಿಪಡಿಸುವವರಿಗೆ ತಾಪಮಾನಕ್ಕಿಂತ ಈ ಸುದ್ದಿಯೇ ಹೆಚ್ಚು ಉಪಯುಕ್ತ. ನಮ್ಮ ಸಕ್ಕರೆ ಕಾರ್ಖಾನೆಗಳ ಕಬ್ಬಿನ ಸಿಪ್ಪೆ ಉರಿಸುವ ಬಾಯ್ಲರುಗಳಲ್ಲಿ ಲೆಕ್ಕ ಮತ್ತೂ ಜಟಿಲ. ಸಸ್ಯ ಇಂಧನದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇದ್ದೇ ಇರುತ್ತವೆ. ಸೋಡಿಯಂನ 589 ನ್ಯಾನೊಮೀಟರ್ ಕೆಂಪು ಮತ್ತು ಹಸಿರು ಶೋಧಕಗಳೆರಡಕ್ಕೂ ನುಗ್ಗುತ್ತದೆ, ಪೊಟ್ಯಾಸಿಯಂನ 766 ಮತ್ತು 770 ನ್ಯಾನೊಮೀಟರುಗಳ ಬೆಳಕು ಅತಿಗೆಂಪು ತಡೆ ಸಡಿಲವಾದ ಕ್ಯಾಮೆರಾದಲ್ಲಿ ಕೆಂಪಿನ ಲೆಕ್ಕ ಹೆಚ್ಚಿಸುತ್ತದೆ. ಇಂಥಲ್ಲಿ ಮೂರು ಬಣ್ಣಗಳ ಕ್ಯಾಮೆರಾ ಸಾಲದು, ಆ ಗೆರೆಗಳನ್ನು ಬಿಟ್ಟು ಅಳೆಯುವ ಕಿರಿದಾದ ಶೋಧಕಗಳು ಬೇಕು. ಸೌದೆ ಒಲೆಯ ಫೋಟೊದಿಂದ ತಾಪಮಾನ ಹೇಳುವುದಾಗಿ ಯಾರಾದರೂ ಹೇಳಿಕೊಂಡರೆ ಈ ಎರಡು ಧಾತುಗಳಿಗೆ ಏನು ಮಾಡಿದಿರಿ ಎಂದು ಕೇಳುವುದು ನ್ಯಾಯ.

ಕೆಲವು ಡಿಗ್ರಿಗಳಿಗಾಗಿ ಇಷ್ಟು ಚರ್ಚೆ ಏಕೆಂದು ಅನ್ನಿಸಬಹುದು. ಗಾಳಿಯ ಸಾರಜನಕ ಆಮ್ಲಜನಕದೊಡನೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುವ ಕ್ರಿಯೆ ಸುಮಾರು 1500 ಡಿಗ್ರಿಯಿಂದಾಚೆಗೆ ಕಡಿದಾಗಿ ಏರುತ್ತದೆ. ತಾಪಮಾನ ತೀರ ಇಳಿದರೆ ಮಸಿ ಸುಡದೆ ಹೊಗೆಯಾಗಿ ಹೊರಬೀಳುತ್ತದೆ. ಡೀಸೆಲ್ ಎಂಜಿನ್ನಿರಲಿ, ಕಲ್ಲಿದ್ದಲಿನ ಬಾಯ್ಲರ್ ಇರಲಿ, ಈ ಎರಡು ಅಪಾಯಗಳ ನಡುವಿನ ಕಿರಿದಾದ ಹಾದಿಯಲ್ಲಿ ಉರಿಯನ್ನು ನಡೆಸಬೇಕಾಗಿದೆ. ಅಲ್ಲಿ 190 ಡಿಗ್ರಿಯ ತಪ್ಪು ಸಣ್ಣದಲ್ಲ. ಕುಲುಮೆಯ ಗಾಜಿನ ಕಿಂಡಿಗೆ ಕ್ಯಾಮೆರಾ ಇಟ್ಟು ಉರಿಯ ನಕ್ಷೆ ತೆಗೆಯುವ ಪದ್ಧತಿ ಸಿಮೆಂಟ್ ಮತ್ತು ವಿದ್ಯುತ್ ಉದ್ಯಮಗಳಲ್ಲಿ ಬಳಕೆಗೆ ಬಂದಿದೆ, ಅದನ್ನು ನಡೆಸುವವರು ಮುಂದೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಂದಲೇ ಬರಬೇಕು. ರಾ ಫೈಲ್ ಕೊಡುವ ಹಳೆಯ ಕ್ಯಾಮೆರಾ ಒಂದು, ಕಾಯಿಸಲು ಪ್ರಯೋಗಶಾಲೆಯ ಕುಲುಮೆ ಒಂದು, ಪ್ಲಾಟಿನಂ ಥರ್ಮೊಕಪಲ್ ಒಂದು ಇದ್ದರೆ ಅಂತಿಮ ವರ್ಷದ ವಿದ್ಯಾರ್ಥಿಗಳು ಈ ಅಳತೆಯನ್ನು ಮೊದಲಿನಿಂದ ಕೊನೆಯವರೆಗೆ ತಾವೇ ಮಾಡಬಲ್ಲರು. ಹಾಗೆ ಮಾಡುವವರಲ್ಲಿ ಮತ್ತು ಅವರಿಗೆ ಮಾರ್ಗದರ್ಶನ ಮಾಡುವ ಅಧ್ಯಾಪಕರಲ್ಲಿ ನನ್ನ ಕೇಳಿಕೆ ಇಷ್ಟೆ. ವರದಿಯಲ್ಲಿ ಬಣ್ಣಬಣ್ಣದ ತಾಪಮಾನದ ನಕ್ಷೆಯ ಪಕ್ಕದಲ್ಲೇ ಬೆಳಕು ಮಸಿಯದೋ, ಎಳೆಯದೋ, ಅನಿಲದ್ದೋ ಎಂಬುದನ್ನೂ, ಮಾಪನಾಂಕನ ಯಾವ ಮೂಲದಿಂದ ಮಾಡಿದಿರಿ ಎಂಬುದನ್ನೂ, ಎಷ್ಟು ಡಿಗ್ರಿ ಆಚೀಚೆ ಆಗಬಹುದು ಎಂಬುದನ್ನೂ ದಯವಿಟ್ಟು ಬರೆಯಿರಿ.